ತವರಿನ ಚೀಲಗಳು

ಮೊನ್ನೆ ನಮ್ಮ ಕಂಪನಿಯ ಗೋದಾಮು ಗುಡಿಸುವಾಗ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಚೀಲವೊಂದನ್ನು ಕೊಡವಿದೆ. ಮುಗ್ಗಲು ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಸರಿಯಾಗಿ ಒಣಗದ ಮೆಕ್ಕೆಜೋಳ ಚೀಲದೊಳಗೆ ಬೆವತು ಬೂಷ್ಟು ಹಿಡಿದಾಗ ಬರುವ ವಾಸನೆ. ಜೊತೆಗಿದ್ದ ಹೆಂಗಸರು ಮೂಗಿಗೆ ಸೆರಗು ಹಿಡಿದು ಆಚೆ ಹೋದರು. ನನಗೆ ನನ್ನ ಗಂಡನ ಸೋದರತ್ತೆ ನೆನಪಾದರು...

ನಮ್ಮ ಊರು ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ದಾರಿಯಲ್ಲಿದೆ. ಅತ್ತೆಯನ್ನು ಊರೊಳಗೇ ಕೊಟ್ಟಿದ್ದರು. ಅವರ ಮನೆ ಮೇಲಿನ ಓಣಿಯಲ್ಲಿ, ತವರಾದ ನಮ್ಮ ಮನೆ ಕೆಳಗಿನ ಓಣಿಯಲ್ಲಿ. ತಾಯಿ ಇಲ್ಲದ ನನ್ನ ಗಂಡನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು ಅವರೇ.

ಊರಿನ ರೈತರು ಸೇರಿ ಕಂಪನಿ ಮಾಡಿಕೊಂಡಾಗ ಅತ್ತೆಯನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. ಅಲ್ಲಿಯವರೆಗೆ ನಮ್ಮ ಮೆಕ್ಕೆಜೋಳ ವ್ಯಾಪಾರಸ್ಥರ ಲಾರಿ ಹತ್ತಿದರೆ ಮುಗಿಯಿತು, ಆಮೇಲೆ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಿದವರಲ್ಲ. ಅತ್ತೆ ಕೇಳಿದರು. "ನಮ್ಮ ಜ್ವಾಳ ಕಡೀಗೆ ಯಾರ ಹೊಟ್ಟಿ ಸೇರ್ತೈತಿ, ನೋಡಬೇಕಲ್ಲ?" ಅಂದರು. ನೋಡಿಯೂ ಬಂದರು. ರಫ್ತು ಮಾಡುವವರೊಬ್ಬರು ಕೆಲವು ರೈತರನ್ನು ವಿಯೆಟ್ನಾಮಿಗೆ ಕರೆದೊಯ್ದಾಗ, ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಇವರೂ ಹೊರಟರು.

ಬಂದ ಮೇಲೆ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ್ದೇ ಹೇಳಿದ್ದು. ಕೆರೆ ತುಂಬ ಬಾತುಕೋಳಿಗಳಂತೆ. ಅವಕ್ಕೆ ಮೆಕ್ಕೆಜೋಳದ ಮೇವು ಅರೆಯುವ ಕಾರ್ಖಾನೆಯಂತೆ. ಅದನ್ನು ನೋಡಿಕೊಳ್ಳುವವಳು ಒಬ್ಬ ಹೆಂಗಸಂತೆ. "ನಾ ಒಯ್ದಿದ್ದ ಕಾಳ್ನ ಆಕೀನೂ ನಮ್ಮಂಗ ಹಲ್ಲಾಗ ಕಡದು ನೋಡಿದ್ಳು. ಒಣಗಿದ್ದು ಕಳಿಸು ಅಂತ ಕೈಸನ್ನಿ ಮಾಡಿದ್ಳು. ಆಕೀ ಕೈ ಹಿಡಕಂಡು ಹೂಂ ಅಂದು ಬಂದೀನಿ."

ಆ ವರ್ಷ ರಾಶಿಯ ಹೊತ್ತಿಗೆ ಮಳೆ ಹಿಡಿಯಿತು. ತಾಡಪಾಲಿನ ಕೆಳಗೆ ನೀರು ಹರಿದು ನಮ್ಮ ರಾಶಿಯ ಅಡಿಯೆಲ್ಲ ತೊಯ್ದಿತ್ತು. ಕಂಟೇನರ್ ಬರುವ ದಿನ ಹತ್ತಿರವಾಗಿತ್ತು. ಇನ್ನೆರಡು ಬಿಸಿಲು ಬೇಕಿತ್ತು. "ಮ್ಯಾಲೆ ಒಣಗೈತಿ, ನಡೀತೈತಿ ಬಿಡು" ಎಂದು ನನ್ನ ಗಂಡ ಚೀಲ ತುಂಬಿಸಿದರು.

ಗೋದಾಮಿನ ಬಾಗಿಲಲ್ಲಿ ಅತ್ತೆಯೇ ನಿಂತು ಪ್ರತಿಯೊಬ್ಬರ ಜೋಳ ನೋಡುತ್ತಿದ್ದರು. ಕೈ ಹಾಕಿ ಅನುಮಾನ ಬಂದರೆ ತೇವ ಅಳೆಯುವ ಯಂತ್ರಕ್ಕೆ ಹಿಡಿಯುವುದು. ನಮಗಿಂತ ಮುಂದಿದ್ದ ಅವರ ಸ್ವಂತ ಮೈದುನನ ಗಾಡಿಯನ್ನು ಹಾಗೆಯೇ ವಾಪಸ್ ಕಳಿಸಿದ್ದರು. ಆಮೇಲೆ ನಮ್ಮ ಟ್ರ್ಯಾಕ್ಟರ್ ಬಂತು. ಅತ್ತೆ ಚೀಲದೊಳಗೆ ಮೊಣಕೈವರೆಗೂ ಕೈ ಇಳಿಸಿದರು. ಕೈ ಅಲ್ಲೇ ನಿಂತಿತು. ನನ್ನ ಗಂಡನ ಮುಖ ನೋಡಿದರು... ಸುತ್ತ ಅವರ ಗಂಡನ ಕಡೆಯವರೆಲ್ಲ ನಿಂತಿದ್ದರು. ಯಂತ್ರ ತರಿಸಲಿಲ್ಲ. "ತುಂಬ್ರಿ" ಅಂದರು.

ಬಂದರಿನಲ್ಲಿ ಹಡಗು ಹತ್ತಿಸುವ ಮುಂಚೆ ಕಂಟೇನರಿನ ಬಾಗಿಲು ತೆಗೆದು ನೋಡಿದಾಗ ಒಳಗೆ ಬೂಷ್ಟು ಹಿಡಿದಿತ್ತು. ಕೆಟ್ಟದ್ದು ಕೆಲವೇ ಚೀಲ. ಬೇಡವೆಂದು ತಿರುಗಿ ಕಳಿಸಿದ್ದು ಮಾತ್ರ ಇಡೀ ಊರಿನ ಜೋಳವನ್ನು.

ಸಮುದಾಯ ಭವನದಲ್ಲಿ ಸಭೆ ಸೇರಿತು. ಯಾರ ಚೀಲ, ಹೇಳ್ರಿ ಎಂದು ಒಬ್ಬರು ಕೇಳಿದರು. ಹೆಂಗಸರ ನಡುವೆ ಕೂತಿದ್ದ ನಾನು ಸೆರಗು ಮುಂದಕ್ಕೆಳೆದುಕೊಂಡೆ. ಅತ್ತೆ ಎದ್ದು ನಿಂತರು.

"ಯಾರ್ದಾರ ಇರಲಿ. ಕೈ ಹಾಕಿ ನೋಡಿದಾಕಿ ನಾನು. ಹಸಿ ಐತಂತ ಗೊತ್ತಾತು, ಗೊತ್ತಾಗೀನೂ ತಗಂಡೆ. ತಪ್ಪು ನಂದು. ಇನ್ನ ಈ ಕುರ್ಚಿ ನನಗ ಬ್ಯಾಡ್ರಿ."

ಮರುದಿನ ಬೆಳಿಗ್ಗೆ ನಾವಿಬ್ಬರೂ ಅವರ ಮನೆಗೆ ಹೋದೆವು. ನನ್ನ ಗಂಡ, "ಅತ್ತೀ, ಆ ಚೀಲ..." ಎಂದು ಬಾಯಿ ತೆಗೆದರು. ಅವರು ಮುಂದೆ ಮಾತಾಡಲು ಬಿಡಲಿಲ್ಲ. "ನಿನ್ನ ಚೀಲದ ಮಾತಲ್ಲಪ್ಪ ಇದು. ಮೈದುನನ ಜ್ವಾಳ ವಾಪಸ್ ಕಳಿಸಿದಾಕಿ, ತವರಿಂದು ಬಂದಾಗ ಯಾಕ ಬಾಯಿ ಕಟ್ತು? ಆ ದೇಶದಾಗ ಒಬ್ಬ ಹೆಣ್ಮಗಳು ನನ್ನ ಮಾತು ನಂಬಿ ಕುಂತಾಳ. ಆಕೀಗೆ ನಾ ಏನಂತ ಹೇಳ್ಲಿ?" ಚಹಾ ಕೊಟ್ಟರು. ಕುಡಿದು ಬಂದೆವು.

ಕಂಪನಿ ನಿಲ್ಲಲಿಲ್ಲ. ಬೇರೆಯವರು ಅಧ್ಯಕ್ಷರಾದರು, ಎಲ್ಲರ ಚೀಲಕ್ಕೂ ಯಂತ್ರ ಬಂತು, ಕ್ರಮೇಣ ಬೇರೆ ದೇಶದವರು ಕೊಂಡರು. ಆದರೆ ಕಂಟೇನರ್ ತುಂಬುವ ದಿನ ಅತ್ತೆ ಗೋದಾಮಿನ ಕಡೆ ಸುಳಿಯುತ್ತಿರಲಿಲ್ಲ. ಬಾತುಕೋಳಿಯ ಸುದ್ದಿಯನ್ನೂ ಮತ್ತೆ ಎತ್ತಲಿಲ್ಲ. ಮಕ್ಕಳು ಕೇಳಿದರೆ, "ಅದೆಲ್ಲ ಎಲ್ಲಿ ನೆನಪೈತಿ" ಅನ್ನುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಗೋದಾಮಿನ ಮುಂದೆ ಎಲ್ಲರೂ ಸೇರಿ ಅವರ ಫೋಟೋಕ್ಕೆ ಹೂವು ಹಾಕಿದ ದಿನ ನನ್ನ ಗಂಡನಿಗೂ ಎರಡು ಮಾತಾಡಲು ಹೇಳಿದರು. ಇವರು ಎದ್ದು ನಿಂತು, "ಆವತ್ತಿನ ಹಸಿ ಚೀಲ ನಮ್ಮವು" ಅಂದರು.

ಯಾರೂ ತಿರುಗಿ ನೋಡಲಿಲ್ಲ. ಆವತ್ತು ಜೋಳ ವಾಪಸ್ ಒಯ್ದ ಅತ್ತೆಯ ಮೈದುನ ಕೂತಲ್ಲಿಂದಲೇ ಮೆಲ್ಲಗೆ ಹೇಳಿದರು. "ಕುಂದ್ರಪ್ಪಾ. ಎಲ್ಲಾರಿಗೂ ಗೊತ್ತೈತಿ. ಆ ಸಭೆ ಮುಗಿದ ರಾತ್ರೀನ ನಮ್ಮತ್ತಿಗಿ ಮನಿಮನಿಗೆ ಹೋಗಿ ಕೈ ಮುಗುದು ಬಂದಿದ್ರು, ನನ್ನ ಹುಡುಗನ್ನ ಏನೂ ಅನಬ್ಯಾಡ್ರಿ ಅಂತ."

ಇವರು ಕೂತರು. ನಾನು ತಲೆ ಎತ್ತಲಿಲ್ಲ. ಇಷ್ಟು ವರ್ಷ ನಮ್ಮೊಡನೆ ನಕ್ಕು ಮಾತಾಡಿದವರು, ನಮ್ಮ ಮನೆಯಲ್ಲಿ ಉಂಡು ಹೋದವರು, ಎಲ್ಲರೂ ಗೊತ್ತಿದ್ದೇ ಸುಮ್ಮನಿದ್ದರು...

ಈಗ ಓಣಿಯಲ್ಲಿ ನಡೆಯುವಾಗ ಒಂದೊಂದು ಮನೆಯ ಮುಂದೆಯೂ ನನ್ನ ಕಾಲು ತಡೆಯುತ್ತದೆ. ಈ ಬಾಗಿಲಿಗೂ ಬಂದು ಕೈ ಮುಗಿದಿದ್ದರು. ಆ ಬಾಗಿಲಿಗೂ.