ಕರಡಿಗೆಯ ಗೂಟ

ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು. ಸರ್ಕಾರ ನಮ್ಮ ಕಡೆಯ ಹೆಂಡದಂಗಡಿಗಳನ್ನೆಲ್ಲ ಮುಚ್ಚಿಸಿತ್ತು. ಆದರೆ ಪಕ್ಕದ ಯಳಂದೂರು ಸೀಮೆ ಮೈಸೂರಿನದು, ಅಲ್ಲಿ ಅಂಗಡಿಗಳು ತೆರೆದೇ ಇದ್ದವು. ಕುಡಿಯುವವರಿಗೆ ಗಡಿ ಯಾವ ಲೆಕ್ಕ? ನಮ್ಮ ಅಪ್ಪನೂ ಗಡಿಯಾಚೆಯ ಅಗರದ ಕಡೆ ನಡೆದುಬಿಡುತ್ತಿದ್ದ.

ಹೊರಡುವ ಮುನ್ನ ಕೊರಳಿನ ಲಿಂಗದ ಕರಡಿಗೆಯನ್ನು ತೆಗೆದು ಗೋಡೆಯ ಗೂಟಕ್ಕೆ ನೇತುಹಾಕುತ್ತಿದ್ದ. ಲಿಂಗ ಕಟ್ಟಿಕೊಂಡು ಕುಡಿದರೆ ಪಾಪವಂತೆ! ಮೈಮೇಲಿಂದ ಇಳಿಸಲೇಬಾರದ ಲಿಂಗವನ್ನು ಇಳಿಸಿ ಶಿವನ ಕಣ್ಣಿಗೇ ಮಣ್ಣೆರಚುವ ಈ ಜಾಣತನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗೂಟದಲ್ಲಿ ಕರಡಿಗೆ ಕಂಡ ಸಂಜೆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಉಣ್ಣುತ್ತಿರಲಿಲ್ಲ.

ಒಂದು ಶಿವರಾತ್ರಿಯಂದು, ಇನ್ನು ಕುಡಿಯುವುದಿಲ್ಲವೆಂದು ಅಪ್ಪ ಆಣೆ ಮಾಡಿದ. ನಾನು ನಂಬಲಿಲ್ಲ. ಕೆಲವು ವಾರಗಳಾದ ಮೇಲೆ ಒಂದು ಸಂಜೆ ಪಕ್ಕದ ಮನೆಯಾಕೆ ಓಡಿಬಂದು, “ನಿಮ್ಮೆಜಮಾನ್ರು ಅಗರದ ಹೆಂಡದಂಗಡಿ ಮುಂದೆ ಕುಂತವ್ರಂತೆ ಕಣಕ್ಕಾ” ಎಂದಳು. ಅವ್ವ ಒಳಗೆ ಹೋಗಿ ಗೂಟ ನೋಡಿದಳು. ಅದು ಬರಿದಾಗಿತ್ತು. “ಕುಡಿಯಕ್ಕಲ್ಲ ಓಗಿರದು” ಎಂದಳು.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ. ಅಲ್ಲಿ ಕುಡಿದು ಬಿದ್ದಿದ್ದ ಅವ್ವನ ತಮ್ಮನನ್ನು ಹೆಗಲಿಗೆ ಆನಿಸಿಕೊಂಡು ಕರೆತಂದಿದ್ದ. ಮಾವ ಕಕ್ಕಿದ್ದೆಲ್ಲ ಅಪ್ಪನ ಅಂಗಿಯ ಮೇಲೆಯೇ ಬಿದ್ದು ಹೆಂಡದ ವಾಸನೆ ಗಪ್ಪೆಂದು ಹೊಡೆಯುತ್ತಿತ್ತು. ಅವ್ವ ಅಪ್ಪನ ಎದೆಯ ಮೇಲೆ ಕೈಯಿಟ್ಟು ನೋಡಿದಳು. ಕರಡಿಗೆ ಅಲ್ಲೇ ಇತ್ತು.

“ನೀರ್ ಕಾಯ್ಸ್ತೀನಿ, ಕುಂತ್ಕಳಿ” ಎಂದವಳೇ ಗೋಡೆಯ ಗೂಟವನ್ನು ಅಲ್ಲಾಡಿಸಿ ಕಿತ್ತು ಒಲೆಗೆ ತುರುಕಿದಳು. ಅವತ್ತಿನಷ್ಟು ಬೇಗ ನಮ್ಮ ಹಂಡೆ ಎಂದೂ ಕಾದಿರಲಿಲ್ಲ.