ಅಜ್ಜಿಯ ಕಾಲಳತೆ

ಗುತ್ತೂರಿನ ನಮ್ಮ ಮನೆಗೆ ತಾರಸಿ ಮೆಟ್ಟಿಲು ಕಟ್ಟಿಸಿದ ಆ ಬೇಸಿಗೆಯಲ್ಲಿ ಅಂಗಳದ ತುಂಬ ಹಸಿ ಸಿಮೆಂಟಿನ ವಾಸನೆ, ಮೇಲೆ ತಾರಸಿಯಲ್ಲಿ ಒಣಹಾಕಿದ ಜೀರಿಗೆ ಸಂಡಿಗೆಯ ವಾಸನೆ. ಆಗ ನಾವು ಹುಡುಗಿಯರು ಕುಂಟೆಬಿಲ್ಲೆ ಬಿಟ್ಟು, ಒಂದು ಮೆಟ್ಟಿಲಿಗೆ ಲಾಭ, ಮುಂದಿನದಕ್ಕೆ ನಷ್ಟ ಎಂದು ಕೂಗುತ್ತ ಹತ್ತುತ್ತಿದ್ದೆವು. ಕಲಿಸಿದವಳು ಅಪ್ಪನ ತಾಯಿ, ನಮ್ಮಜ್ಜಿ. ಅವಳಿಗದು ಆಟವಲ್ಲ. ಮೇಸ್ತ್ರಿಯ ಕೊನೆಯ ಮೆಟ್ಟಿಲು ನಷ್ಟಕ್ಕೆ ನಿಂತಾಗ ಊಟ ಬಿಟ್ಟು ಕೂತಳು.

“ನಷ್ಟದಾಗ ಮುಗಿಯೋ ಮೆಟ್ಲು ನನ್ ಮನಿಗೆ ಬ್ಯಾಡ!”

ಅಪ್ಪ ತಲೆ ಕೆರೆದುಕೊಂಡು ಬುಡದಲ್ಲೊಂದು ತೆಳು ಚಪ್ಪಡಿ ಹಾಕಿಸಿದ. ಲೆಕ್ಕ ಲಾಭಕ್ಕೆ ಬಂತು, ಅಜ್ಜಿ ಉಂಡಳು. ಅವ್ವನಿಗೆ ಮಾತ್ರ ಸಮಾಧಾನವಿಲ್ಲ.

“ಎಲ್ಲಾ ಒಂದೇ ಎತ್ತರ ಇರ್ಬೇಕ್ರಿ. ಅತ್ತೇರ ಕಣ್ಣಿಗೆ ಪೊರೆ ಬಂದೈತೆ. ಕಾಲಲ್ಲೇ ನೋಡ್ತಾರೆ ಅವ್ರು.”

“ಒಂದ್ ಕಲ್ಲಿಗೆ ಏನಾಗ್ತೈತೆ, ಸುಮ್ನಿರೆ,” ಎಂದ ಅಪ್ಪ.

ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿಯಿತು. ಅಜ್ಜಿ ಎರಡೂ ಕೈಯಲ್ಲಿ ಸಂಡಿಗೆಯ ಮೊರ ಹಿಡಿದು ಇಳಿಯತೊಡಗಿದಳು. ಪಕ್ಕಕ್ಕೆ ಹಿಡಿದುಕೊಳ್ಳುವ ಕಂಬಿ ಇನ್ನೂ ಹಾಕಿಸಿರಲಿಲ್ಲ. ನಾನು ಕೂಗಲು ಬಾಯಿ ತೆರೆದೆ. ಅವ್ವ ಗಪ್ಪನೆ ನನ್ನ ಬಾಯಿ ಮುಚ್ಚಿದಳು. ಅಜ್ಜಿ ಬೆಚ್ಚಿದರೆ ಅಲ್ಲಿಂದಲೇ ಬೀಳುತ್ತಾಳೆ. ಅವ್ವ ಸದ್ದಿಲ್ಲದೆ ಹೋಗಿ ಬುಡದಲ್ಲಿ ಕೈಚಾಚಿ ನಿಂತಳು. ಅಜ್ಜಿಯ ಪಾದ ಒಂದೊಂದೇ ಮೆಟ್ಟಿಲು ತಡವುತ್ತ ಬಂತು. ಪೂರ್ತಿ ಆಳಕ್ಕೆಂದು ಚಾಚಿದ ಕಾಲು ಆ ಚಪ್ಪಡಿಗೆ ಮೊದಲೇ ಬಡಿಯಿತು, ಮೊಣಕಾಲು ಮಡಚಿತು, ಮೊರ ಹಾರಿತು. ಅತ್ತೆ ಸೊಸೆ ಇಬ್ಬರೂ ಪಕ್ಕದಲ್ಲಿ ಕೆಲಸಕ್ಕೆಂದು ಸುರಿದಿದ್ದ ಮರಳಿನ ಗುಡ್ಡೆಗೆ ಬಿದ್ದರು.

ಅಜ್ಜಿ ಅಲುಗಲಿಲ್ಲ. ಅಯ್ಯೋ, ಹೋದಳೆಂದೇ ನಾನು ಅಳತೊಡಗಿದೆ.

“ಸಂಡಿಗಿ ಏನಾದ್ವು ನೋಡ್ರೆ ಮೊದ್ಲು,” ಎಂದಿತು ಮರಳಿನೊಳಗಿನ ದನಿ.

ಮರುದಿನವೇ ಅಪ್ಪ ಮೆಟ್ಟಿಲು ಒಡೆಸಿದ. ಅವ್ವ ಅಜ್ಜಿಯನ್ನು ಗೋಡೆಗೆ ನಿಲ್ಲಿಸಿ, “ಕಾಲೆತ್ರಿ ಅತ್ತೆ, ನೋವಾಗದಷ್ಟೇ,” ಎಂದು ಇದ್ದಿಲಿನಿಂದ ಗೆರೆ ಎಳೆದಳು. ಯಾವ ಮೆಟ್ಟಿಲೂ ಆ ಗೆರೆ ಮೀರದಂತೆ ಇಡೀ ಎತ್ತರವನ್ನು ಸಮಭಾಗ ಮಾಡಿದರು. ಪಾದ ಪೂರ್ತಿ ಊರುವಷ್ಟು ಅಗಲ ಬಿಟ್ಟರು. ಲಾಭಕ್ಕೇ ಮುಗಿಯುವಂತೆಯೂ ನೋಡಿಕೊಂಡರು. ಉದ್ದವಾದ ಮೆಟ್ಟಿಲು ನಮ್ಮ ಕುಂಟೆಬಿಲ್ಲೆಯ ಜಾಗವನ್ನೂ ತಿಂದಿತು.

ಈಗ ನಾನಿರುವುದು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ, ಲಿಫ್ಟಿರುವ ಮನೆ. ಗುತ್ತೂರಿಗೆ ಹೋದರೆ ನನ್ನ ಮಗಳು, “ಇದ್ಯಾಕಮ್ಮ ಇಷ್ಟು ಗಿಡ್ಡ?” ಎಂದು ಎರಡೆರಡು ಮೆಟ್ಟಿಲು ಹಾರುತ್ತಾಳೆ. ನಾನು ಒಂದನ್ನೂ ಬಿಡದೆ ಹತ್ತುತ್ತೇನೆ. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅವಳ ಕಾಲು ಎಷ್ಟು ಎತ್ತರ ಏಳುತ್ತಿತ್ತೆಂದು ನನಗೆ ಇವತ್ತಿಗೂ ಗೊತ್ತು. ದನಿ ಹೇಗಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.