ಹೊಸ್ತಿಲ ಮುಂದಿನ ಗ್ರೀಕ್ ಅಕ್ಷರ

ಮೊನ್ನೆ ಮೊಮ್ಮಗನ ಹೆಂಡತಿ ರಂಗೋಲಿ ಡಬ್ಬಿ ಕೈಗೆ ಕೊಟ್ಟು, "ಅಜ್ಜಿ, ಇವತ್ತ ನೀವ ಎರಡ ಎಳಿ ಹಾಕ್ರಿ" ಎಂದಳು. ಕೂತೆ. ಕೈ ಹೇಳದೆ ಕೇಳದೆ ಒಂದು ತ್ರಿಕೋನ ಬರೆಯಿತು, ಆಮೇಲೆ ನಡುವೆ ಗೂಟ ಹೊಡೆದ ಸೊನ್ನೆ, ಆಮೇಲೆ ಕುದುರೆಯ ಲಾಳ... ಹುಡುಗಿ ಪಿಳಿಪಿಳಿ ನೋಡಿದಳು. ನನಗೆ ಗ್ರೀಕ್ ಕಾಕಾ ನೆನಪಾದರು.

ಕಲ್ಲೋಳಿಯಿಂದ ಗೋಕಾಕಕ್ಕೆ ಸೊಸೆಯಾಗಿ ಬಂದಾಗ ನನಗೆ ಹದಿನಾರು. ಓದಿದ್ದು ನಾಲ್ಕನೆಯ ಇಯತ್ತೆ. ಕಾಕಾ ಬಾಜೂ ಮನೆಯಲ್ಲಿ ತಮ್ಮ ಅಕ್ಕನ ಜೊತೆ ಇದ್ದರು. ಬೆಲ್ಲದ ಬಾಗೇವಾಡಿಯ ಒಕ್ಕಲು ಮನೆಯ ಮಗ. ಬೆಳಗಾವಿಯಲ್ಲಿ ಓದುವಾಗ ಒಬ್ಬ ಪಾದ್ರಿಯಿಂದ ಗ್ರೀಕ್ ಕಲಿತು, ಮುಂಬಯಿಯ ಕಾಲೇಜಿನಲ್ಲಿ ಮೂವತ್ತು ವರ್ಷ ಅದನ್ನೇ ಕಲಿಸಿದವರು. ವಿಲಾಯತಿಯ ಪಂಡಿತರು ಸಂಶಯ ಬಂದರೆ ಅವರಿಗೆ ಕಾಗದ ಬರೆಯುತ್ತಿದ್ದರಂತೆ. ನಮ್ಮ ಓಣಿಗೆ ಅದೆಲ್ಲ ಏನು ಗೊತ್ತು? ಪಾದ್ರಿಯ ಭಾಷೆ ಕಲಿತವನು ಜಾತಿ ಕೆಟ್ಟಿರಬೇಕು ಎಂದು ಗುಸುಗುಸು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇದ್ದದ್ದು ಒಬ್ಬರಿಗೂ ಕಾಣಲಿಲ್ಲ.

ಆಮೇಲೆ ಅವರಿಗೇ ಕಣ್ಣು ಕಾಣದಾಯಿತು. ಒಂದು ದಿನ ಮಜ್ಜಿಗೆ ಕೊಡಲು ಹೋದರೆ, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹಾಳೆ ಸವರುತ್ತ ಕೂತಿದ್ದರು. 

"ನಾ ಓದ್ಲೇನ್ರಿ ಕಾಕಾ?"

"ಇದರ ಅಕ್ಷರ ಬ್ಯಾರೆ ಅದಾವ, ತಂಗಿ."

"ಕಲಸ್ರಿ ಮತ್ತ!"

ಕಲಿಸಿದರು. ನಾನು ಬರೀ ಉಚ್ಚಾರ ಮಾಡುತ್ತಿದ್ದೆ, ಅರ್ಥ ಅವರು ಹೇಳುತ್ತಿದ್ದರು. ಸೊಸೆಯ ಕೈಗೆ ಕಾಗದ ಪೆನ್ಸಿಲು ಯಾರು ಕೊಡಬೇಕು? ಬೆಳಗಿನ ರಂಗೋಲಿಯಲ್ಲೇ ಅಕ್ಷರ ತಿದ್ದುತ್ತಿದ್ದೆ. ಅತ್ತೆ ಏಳುವುದರೊಳಗೆ ಅಳಿಸಿ ಹೂವು ಬಳ್ಳಿ ಬರೆಯುತ್ತಿದ್ದೆ. ಒಂದು ದಿನ ಅಳಿಸುವುದು ಮರೆತೆ. ಅವತ್ತೇ ಅಮಾವಾಸ್ಯೆ ಇರಬೇಕೇ!

"ಅಮಾಸಿ ದಿನ ಹೊಸ್ತಲಾ ಮುಂದ ಮಾಟಾ ಬರದಿಯೇನಬೇ? ಯಾರ ಮನಿ ಹಾಳ ಮಾಡಾಕ?"

ಅತ್ತೆ ಕೆಟ್ಟವರಲ್ಲ, ಬಾಯಿ ಬಿಟ್ಟರೆ ಮಾತ್ರ ಗೋಕಾಕ ಜಲಪಾತದ ಧಬಧಬೆ. ಸೆಗಣಿ ನೀರು ಹೊಡೆದು, ಕಾಕಾನ ಮನೆಗೆ ಕಾಲಿಡಕೂಡದು ಎಂದರು. ಮೂರು ದಿನ ಹೋಗಲಿಲ್ಲ. ನಾಲ್ಕನೆಯ ದಿನ ಕಾಕಾ ಗೋಡೆ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದರು, ಒಬ್ಬರೇ.

"ಅಕ್ಕಾರ, ತಪ್ಪು ನಂದ್ರಿ. ಅವು ಅಕ್ಷರ, ಮಾಟ ಅಲ್ರಿ. ಜಲ್ಮೆಲ್ಲಾ ಅದರಾಗ ಕಳದೇನಿ. ಈ ಹುಡುಗಿ ಓದದಿದ್ರ ನನ್ನ ಪಾಲಿಗೆ ಅದು ಸತ್ತಂಗ್ರಿ."

ಅತ್ತೆ ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಟ್ಟರು. ಆಮೇಲೆ, "ಏನ್ ಬರದೈತ್ರಿ ಅದರಾಗ?"

"ದಂಡಿಗೆ ಹೋದ ಮಗನ ಹಾದಿ ನೋಡಾಕತ್ತಾಳ್ರಿ ಒಬ್ಬಾಕಿ ತಾಯಿ."

"ಮಗಾ ಬಂದನೇನ್ರಿ?"

ಕಾಕಾ ನಕ್ಕರು. "ಈಕಿ ಓದಿದ್ರ ಗೊತ್ತಾಕೈತ್ರಿ. ನಾ ಈಗ ಹೇಳೂದಿಲ್ಲ."

"ನಿಂತ ಏನ ನೋಡ್ತಿಯಬೇ? ಪುಸ್ತಕಾ ತೊಗೊಂಡ ಬಾ ಹೋಗ!" ಅತ್ತೆ ನನ್ನ ಮೇಲೆ ಹರಿಹಾಯ್ದರು.

ಅಂದಿನಿಂದ ಓದು ನಮ್ಮ ಕಟ್ಟೆಗೇ ಬಂತು. ನಾನು ಓದುವುದು, ಕಾಕಾ ಕಣ್ಣು ಮುಚ್ಚಿ ತಲೆದೂಗಿ ಕನ್ನಡದಲ್ಲಿ ಹೇಳುವುದು, ಅತ್ತೆ ಮೊರ ಹಿಡಿದು ಕೇಳುವುದು. ನನ್ನ ಬದುಕಿನಲ್ಲಿ ಅಷ್ಟು ಸುಖದ ಮಧ್ಯಾಹ್ನಗಳು ಮತ್ತೆ ಬರಲಿಲ್ಲ.

ಇನ್ನು ಎಂಟೇ ಪುಟ ಉಳಿದಿದ್ದವು... ಕಾಕಾ ಲಿಂಗೈಕ್ಯರಾದರು. ಮಣ್ಣಿಗೆ ಹೋಗಲು ಓಣಿಯವರು ಹಿಂದೆಮುಂದೆ ನೋಡಿದರು. ಅತ್ತೆ ನಡುಬೀದಿಯಲ್ಲಿ ನಿಂತು ಎಲ್ಲರ ನೀರಿಳಿಸಿ ಮಣ್ಣಿಗೆ ಕಳಿಸಿದರು.

ಪುಸ್ತಕವನ್ನು ಕಾಕಾನ ಅಕ್ಕ ನನಗೇ ಕೊಟ್ಟರು. ಅತ್ತೆ ಇರುವವರೆಗೂ ಆಗಾಗ ಕೇಳುತ್ತಿದ್ದರು: "ಓದಬೇ, ಆ ಮಗಾ ಬಂದನೇನ ನೋಡು." ಓದುತ್ತಿದ್ದೆ, ಅರ್ಥ ಹೇಳುವವರು ಇರಲಿಲ್ಲ. ಈಗ ಕೇಳಲು ಅವರೂ ಇಲ್ಲ.

ಮೊನ್ನೆ ರಂಗೋಲಿ ಹಾಕಿ ಕೈ ತೊಳೆದು, ಟ್ರಂಕಿನಿಂದ ಪುಸ್ತಕ ತೆಗೆದೆ. ಆ ಎಂಟು ಪುಟ ಒಂದು ಅಕ್ಷರವೂ ತಪ್ಪದಂತೆ ಓದಿದೆ. ಮಗ ಬಂದನೋ ಇಲ್ಲವೋ, ನನಗೆ ಇನ್ನೂ ಗೊತ್ತಿಲ್ಲ.